ಬೈತಖೋಲಿನಲ್ಲಿ ಕೇಳಿದ್ದು

ಪುರ್ಸೊ ಮೇಸ್ತ್ರಿಗೆ ಎಡಗಿವಿ ಪೂರ್ತಿ ಹೋಗಿತ್ತು,
ಬಲಗಿವಿ ಹಬ್ಬಕ್ಕೊಮ್ಮೆ ಬರುವ ನೆಂಟ.
ಆದರೂ ಬಂದರದ ಅಷ್ಟೂ ಬೋಟಿನವರು
ಇಂಜಿನ್ ಕೆಮ್ಮಿದರೆ ಅವನನ್ನೇ ಕರೆಯುವರು.
ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚುತ್ತಿದ್ದ.
"ಮೂರನೇ ಬೇರಿಂಗು. ಬಿಚ್ಚು."
ಬಿಚ್ಚಿದರೆ, ಮೂರನೆಯದೇ.

ಅವನು ಹೋದಮೇಲೆ ಸ್ಕ್ರೂಡ್ರೈವರ್ ನನಗೆ ಬಂತು,
ಹಿಡಿಯ ಮೇಲಿನ ಹಲ್ಲಿನ ಗುರುತು ಸಮೇತ.
ಅದೇ ವರ್ಷ ಫೋನೂ ಬಂತು.

ಮೊದಲ ವಿಡಿಯೊ ಸುಮ್ಮನೆ ಮಾಡಿದ್ದು, ದೇವರಾಣೆ.
ಮಳೆಗಾಲದ ನಿಷೇಧ ಮುಗಿದ ಬೆಳಿಗ್ಗೆ
ಅರವತ್ತೊಂದು ದಿನ ಮಲಗಿದ್ದ ಇಂಜಿನ್
ಕರಿಹೊಗೆ ಉಗುಳಿ ಎದ್ದದ್ದು,
ಪಕ್ಕದಲ್ಲಿ ನನ್ನ ಗ್ರೀಸಿನ ಕೈ.
ರಾತ್ರಿಯೊಳಗೆ ನಲವತ್ತು ಸಾವಿರ ಜನ!
ಕೋಡಿಬಾಗ, ಕಾಜುಬಾಗ, ನಂದನಗದ್ದಾ
ಎಲ್ಲ ಕೂಡಿಸಿದರೂ ಅಷ್ಟು ತಲೆ ಇರಲಿಕ್ಕಿಲ್ಲ.
ಸುಲಕ್ಷಾಳಿಗೆ ತೋರಿಸಿದೆ.
"ಬಂಗಡೆ ತರುತ್ತೇನೆ ಅಂದಿದ್ದಿರಲ್ಲ," ಎಂದಳು.

ಆಮೇಲೆ ದಿನಾ.
ಯಾವ ನಟ್ಟು ಎಷ್ಟು ಬಿಗಿ ಎಂಬುದು ಹೋಗಿ
ಯಾವ ಬೆಳಕು ಎಷ್ಟು ಹೊತ್ತಿಗೆ ಎಂಬ ಲೆಕ್ಕ.
ತೊಳೆದ ಕೈಗೆ ಮತ್ತೆ ಗ್ರೀಸು ಹಚ್ಚಿಕೊಂಡದ್ದುಂಟು.
ಸರಿಯಿದ್ದ ಪಂಪನ್ನು ಬಿಚ್ಚಿ
ಸರಿಮಾಡಿದ್ದುಂಟು.
ನಡುರಾತ್ರಿ ಉಚ್ಚೆಗೆ ಎದ್ದವನು
ಹಿತ್ತಿಲ ಕತ್ತಲಲ್ಲಿ ನಿಂತು
ಹೃದಯ ಎಣಿಸುತ್ತಿದ್ದೆ.
ನನ್ನದಲ್ಲ. ಯಾರ್ಯಾರೋ ಒತ್ತಿದ ಕೆಂಪನೆಯವು.

ಉಮಾಕಾಂತ ಹರಿಕಂತ್ರರ 'ಜಲಪ್ರಭಾ' ಬೋಟಿನ ಇಂಜಿನ್
ಕಟ್ಟಿದ್ದು ಅಕ್ಟೋಬರಿನಲ್ಲಿ.
ಶುರು ಮಾಡಿದೆ, ಶೂಟ್ ಮಾಡಿದೆ,
ಆ ವಾರ ಎಲ್ಲರೂ ಹಾಕುತ್ತಿದ್ದ ಹಿಂದಿ ಹಾಡು ಹಾಕಿದೆ,
ಹೋಗಿ ಬನ್ನಿ ಎಂದೆ.
ದೇವಗಡದ ದೀಪ ದಾಟಿ ಹನ್ನೆರಡು ಮೈಲಿಗೆ
ಇಂಜಿನ್ ಜಾಮು.
ಇನ್ನೊಂದು ಬೋಟು ಎಳೆದು ತರುವಷ್ಟರಲ್ಲಿ
ಐಸು ನೀರಾಗಿ, ಸೀಗಡಿ ನಾರಿ
ಕಾಗೆಗಳಿಗೆ ಹಬ್ಬ.
ಯಾರೂ ಸಾಯಲಿಲ್ಲ. ಯಾರೂ ಬೈಯಲಿಲ್ಲ.
ಉಮಾಕಾಂತ ಜೆಟ್ಟಿಯ ಮೇಲೆ ಕೂತು
ಚಪ್ಪಲಿಗೆ ಮೆತ್ತಿದ ಟಾರು ಕೆರೆಯುತ್ತ
ಒಂದೇ ಮಾತು ಅಂದರು, ಅದೂ ಕನ್ನಡದಲ್ಲಿ:
"ನೀನು ಕೇಳಲಿಲ್ಲವಾ?"

ಮನೆಯ ಕೊಂಕಣಿಯಲ್ಲಿ ಆಲಿಸುವುದಕ್ಕೊಂದು ಮಾತು,
ವಿಚಾರಿಸುವುದಕ್ಕೆ ಇನ್ನೊಂದು.
ಶಾಲೆಯಲ್ಲಿ ಕಲಿತ ಕನ್ನಡದಲ್ಲಿ
ಎರಡಕ್ಕೂ ಕೇಳುವುದೇ.
ಅವರು ಯಾವುದನ್ನು ಕೇಳಿದರು ಎಂದು
ನಾನು ಕೇಳಲಿಲ್ಲ.

ಆ ರಾತ್ರಿ, ಹಾಡು ಸೇರಿಸುವ ಮೊದಲಿನ
ಬರೀ ವಿಡಿಯೊ ಹುಡುಕಿ ಹಾಕಿದೆ.
ಹದಿನೇಳನೇ ಸೆಕೆಂಡಿನಲ್ಲಿ, ನಾನು ನಗುತ್ತಿರುವಲ್ಲಿ,
ಟಕ್.
ಮತ್ತೆ, ಟಕ್ ಟಕ್.
ಸಾಲ ಕೇಳಲು ಬಂದವನು
ಬಾಗಿಲು ಬಡಿಯಲೋ ಬೇಡವೋ ಎಂದು ಬಡಿದಂತೆ.
ಎರಡು ಲಕ್ಷ ಜನ ನೋಡಿದ್ದರು.
ಅವರದೇನು ತಪ್ಪು,
ಅವರ ಕೈಯಲ್ಲಿ ಸ್ಕ್ರೂಡ್ರೈವರ್ ಇರಲಿಲ್ಲ.

ನನ್ನ ದುಡ್ಡಿನಲ್ಲೇ ಬೇರಿಂಗು ತಂದು ಹಾಕಿದೆ.
ಐದನೆಯದು.
ಕೂಲಿಯವರು ಹೋದಮೇಲೆ ಇಳಿತದ ಹೊತ್ತು,
ಹಗ್ಗ ಬಿಗಿದು ಬೋಟುಗಳು
ಒಂದಕ್ಕೊಂದು ಮೈಯುಜ್ಜಿ ನರಳುತ್ತಿದ್ದವು.
ಏನನ್ನಿಸಿತೋ, ಅಂಗಿಯ ಗುಂಡಿ ಬಿಚ್ಚಿ
ಸ್ಕ್ರೂಡ್ರೈವರಿನ ತುದಿಯನ್ನು ಎದೆಮೂಳೆಗೆ ಇಟ್ಟೆ,
ಹಿಡಿ ಕಚ್ಚಿದೆ.
ಮೇಸ್ತ್ರಿಯ ಹಲ್ಲು ಕೂತ ಕುಳಿಯಲ್ಲಿ
ನನ್ನ ಹಲ್ಲು ಕೂರಲಿಲ್ಲ.
ತುಸು ತಿರುಗಿಸಿದೆ.
ಡೀಸೆಲು, ಉಪ್ಪು, ಹಳೆಯ ಮರದ ರುಚಿ.
ನಗಬೇಡಿ. ಅಥವಾ ನಗಿ,
ನೋಡಲು ಅಲ್ಲಿ ಯಾರೂ ಇರಲಿಲ್ಲ.

ಮೊದಲಿಗೆ ಏನೂ ಇಲ್ಲ.
ಆಮೇಲೆ ದೂರದಲ್ಲೆಲ್ಲೋ
ಬಾವಿಯಲ್ಲಿ ಕೊಡ ಮುಳುಗಿ ಏಳುವ ಸದ್ದು.
ಅದರ ಹಿಂದೆ, ಸಣ್ಣಗೆ, ಇನ್ನೊಂದು.

ಜೇಬಿನಲ್ಲಿ ಫೋನು ನಡುಗಿತು.
ತೆಗೆದು ನೋಡಿದೆ, ಸುಳ್ಳು ಯಾಕೆ.
ಸುಲಕ್ಷಾ: ಸಾರು ಆರುತ್ತಿದೆ.

ಒಳಗಿಟ್ಟು ಮತ್ತೆ ಕಚ್ಚಿದೆ.
ಅಲ್ಲೇ ಇತ್ತು.
ಎಷ್ಟನೆಯದೋ ತಿಳಿಯಲಿಲ್ಲ,
ನಿಧಾನಕ್ಕೆ ಬಿಚ್ಚಬೇಕು.